ಎರಡನೆಯ ಆಸನದಲ್ಲಿ ಮೂವತ್ತು ವರ್ಷ

ದಾವಣಗೆರೆಯ ಹಿರಿಯ ಗೃಹಸ್ಥರೊಬ್ಬರು, ಹತ್ತಿಯ ವ್ಯಾಪಾರದಲ್ಲಿಯೇ ತಲೆ ನೆರೆತವರು, ಕಳೆದ ಶ್ರಾವಣದಲ್ಲಿ ನಮ್ಮ ಮನೆಗೆ ದಯಮಾಡಿಸಿದ್ದರು. ಅವರ ಮಗಳು ಅಳಿಯಂದಿರು ಅಮೆರಿಕೆಯಲ್ಲಿ ನೆಲೆಸಿ ಬಹುಕಾಲವಾಯಿತು. ಮೊಮ್ಮಗ ಅಲ್ಲಿಯ ವಿಶ್ವವಿದ್ಯಾನಿಲಯವೊಂದರಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ಓದಿನಲ್ಲಿ ಚುರುಕು, ಆದರೆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಹಾಯಕ ತರಬೇತುದಾರನಾಗುವೆನೆಂದು ಹಟ ಹಿಡಿದು ಕುಳಿತಿದ್ದಾನಂತೆ. "ಆಡುವವನೂ ಅಲ್ಲ, ಆಡಿಸುವವನೂ ಅಲ್ಲ, ಆಡಿಸುವವನ ಪಕ್ಕದಲ್ಲಿ ಕೂರುವವನು! ಇದೂ ಒಂದು ಉದ್ಯೋಗವೇನ್ರೀ ಶಾಸ್ತ್ರಿಗಳೇ?" ಎಂದು ಅವರು ಕೇಳಿದರು.

ವ್ಯಾಕರಣ ಕಾವ್ಯಗಳನ್ನು ಓದಿ ಬೆಳೆದ ನಮಗೆ ಆ ಆಟದ ಗಂಧವೂ ಇರಲಿಲ್ಲ. ಎತ್ತರದ ಹುಡುಗರು ಚೆಂಡನ್ನು ನೆಲಕ್ಕೆ ಕುಟ್ಟುತ್ತ ಓಡಿ ಬಲೆಯೊಳಕ್ಕೆ ಎಸೆಯುತ್ತಾರೆ ಎಂಬಷ್ಟೇ ತಿಳಿವಳಿಕೆ. ಆದರೂ ಹಿರಿಯರು ಕೇಳಿದ ಮೇಲೆ ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡೆವು. ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ. ವಿದೇಶದಲ್ಲಿ ಮಕ್ಕಳಿರುವ ಇತರ ಮನೆಗಳಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಆ ಕೆಲಸವೆಂಥದೆಂದು ನೋಡೋಣ. ಅಲ್ಲಿಯ ದೊಡ್ಡ ವಿಶ್ವವಿದ್ಯಾನಿಲಯದ ತಂಡಕ್ಕೆ ಒಬ್ಬ ಪ್ರಧಾನ ತರಬೇತುದಾರ, ಅವನ ಕೈಕೆಳಗೆ ಕೆಲವರು ಸಹಾಯಕರು. ಬಹುಕಾಲ ಈ ಸಹಾಯಕರ ಸಂಖ್ಯೆ ಮೂರಕ್ಕೆ ಸೀಮಿತವಾಗಿತ್ತು; 2023ರಲ್ಲಿ ಐದಕ್ಕೆ ಏರಿತು. ಎದುರಾಳಿಗಳ ಆಟದ ಚಿತ್ರಗಳನ್ನು ರಾತ್ರಿಯೆಲ್ಲ ನೋಡಿ ಅವರ ಬಲ ದೌರ್ಬಲ್ಯಗಳನ್ನು ಟಿಪ್ಪಣಿ ಮಾಡುವುದು, ಅಭ್ಯಾಸದಲ್ಲಿ ಒಬ್ಬೊಬ್ಬ ಆಟಗಾರನ ತಪ್ಪನ್ನು ತಿದ್ದುವುದು, ಹುಡುಗರು ತರಗತಿಗೆ ಹೋದರೇ ಎಂದು ವಿಚಾರಿಸುವುದು ಇವರ ಪಾಲಿನ ಕೆಲಸ. ಎಲ್ಲಕ್ಕಿಂತ ಮಿಗಿಲಾದುದು ಪ್ರೌಢಶಾಲೆಯ ಪ್ರತಿಭಾವಂತ ಬಾಲಕರನ್ನು ಹುಡುಕಿಕೊಂಡು ಊರೂರು ಅಲೆದು, ತಾಯಿತಂದೆಯರ ಎದುರು ಕುಳಿತು, 'ನಿಮ್ಮ ಮಗನನ್ನು ನಮ್ಮಲ್ಲಿಗೆ ಕಳುಹಿಸಿ' ಎಂದು ಒಪ್ಪಿಸುವುದು. ಹೆಣ್ಣು ನೋಡಲು ಹೋದವರ ಮಾತಿನ ಜಾಣ್ಮೆಯೆಲ್ಲ ಇದಕ್ಕೆ ಬೇಕು. ಪಂದ್ಯ ಗೆದ್ದರೆ ಪತ್ರಿಕೆಯಲ್ಲಿ ಬರುವುದು ಮಾತ್ರ ಪ್ರಧಾನನ ಹೆಸರು.

ಈ ಹಾದಿಯನ್ನು ನಡೆದವರಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದವರು ಬಿಲ್ ಗಥ್ರಿಜ್. ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನಲ್ಲಿ 1937ರಲ್ಲಿ ಹುಟ್ಟಿದ ಇವರು ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಟೆಕ್ಸ್ ವಿಂಟರ್ ಎಂಬವರ ಶಿಷ್ಯರಾಗಿ ಆಡಿದರು. ಅಲ್ಲಿಯೇ ಐದು ವರ್ಷ ಅವರಿಗೆ ಸಹಾಯಕರಾಗಿದ್ದರು. 1967ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯಕ್ಕೆ ಬಂದು ಡೀನ್ ಸ್ಮಿತ್ ಎಂಬ ಪ್ರಸಿದ್ಧ ತರಬೇತುದಾರರ ಪಕ್ಕದಲ್ಲಿ ಕುಳಿತರು. ಕುಳಿತವರು ಮೂವತ್ತು ವರ್ಷ ಏಳಲಿಲ್ಲ!

ಸ್ಮಿತ್ ಅವರದೂ ಒಂದು ಪರಂಪರೆಯೇ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಈ ಆಟವನ್ನು ಕಲ್ಪಿಸಿದವರು ಜೇಮ್ಸ್ ನೈಸ್ಮಿತ್; ಧರ್ಮಶಾಸ್ತ್ರವನ್ನು ಓದಿಕೊಂಡಿದ್ದ ಅವರು ಮೊದಲು ಬಳಸಿದ್ದು ಪೀಚ್ ಹಣ್ಣಿನ ಬುಟ್ಟಿಗಳನ್ನು. ಅವರಲ್ಲಿ ಕಲಿತವರು ಫಾಗ್ ಅಲೆನ್. ಅಲೆನ್ ಅವರಲ್ಲಿ ಆಡಿ ಕಲಿತವರು ಡೀನ್ ಸ್ಮಿತ್. ಸ್ಮಿತ್ ಕೂಡ ಕೆಲವು ವರ್ಷ ಸಹಾಯಕರಾಗಿದ್ದವರೇ, ಆದರೆ 1961ರಲ್ಲಿ ಮೂವತ್ತನೆಯ ವಯಸ್ಸಿಗೆ ಪ್ರಧಾನರಾದರು. ಗಥ್ರಿಜ್ ಅವರ ದಾರಿ ಹಾಗಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸ್ಮಿತ್ ಅಮೆರಿಕೆಯ ತಂಡವನ್ನು ಸ್ವರ್ಣಕ್ಕೆ ನಡೆಸಿದಾಗಲೂ, ಎಳೆಯ ಮೈಕೆಲ್ ಜೋರ್ಡನ್ 1982ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಗೆಲುವಿನ ಚೆಂಡೆಸೆದಾಗಲೂ, 1993ರಲ್ಲಿ ಮತ್ತೆ ಕಿರೀಟ ದೊರೆತಾಗಲೂ ಅವರು ಎರಡನೆಯ ಆಸನದಲ್ಲಿಯೇ ಇದ್ದರು. ಬೇರೆಡೆಯಿಂದ ಕರೆ ಬರಲಿಲ್ಲವೆಂದಲ್ಲ. 1978ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯದ ಪ್ರಧಾನ ಹುದ್ದೆಗೆ ಬಹುತೇಕ ಹೊರಟೇಬಿಟ್ಟಿದ್ದವರು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಹಿಂದಿರುಗಿದರು.

ಇದು ಅಳುಕೋ, ತೃಪ್ತಿಯೋ? ನಾವು ಈ ಪ್ರಶ್ನೆಯನ್ನು ಬಹಳ ಹೊತ್ತು ಯೋಚಿಸಿದೆವು. ಅಳುಕೆಂದು ಹೇಳಲು ನಮಗೆ ನಾಲಗೆ ಬರಲಿಲ್ಲ. ಏಕೆಂದರೆ ಮುಂದೆ ನಡೆದುದೇ ಬೇರೆ. 1997ರ ಅಕ್ಟೋಬರಿನಲ್ಲಿ, ಹೊಸ ಋತುವಿಗೆ ಕೆಲವೇ ದಿನಗಳಿರುವಾಗ, ಅಂದಿನ ದಾಖಲೆಯಾದ 879 ಗೆಲುವುಗಳೊಡನೆ ಸ್ಮಿತ್ ನಿವೃತ್ತರಾದರು. ಅರುವತ್ತು ವರ್ಷದ ಗಥ್ರಿಜ್ ಪ್ರಧಾನರಾದರು. ಮೊದಲ ವರ್ಷವೇ 34 ಪಂದ್ಯ ಗೆದ್ದು, ನಾಲ್ಕನ್ನು ಮಾತ್ರ ಸೋತು, ರಾಷ್ಟ್ರದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ನಿಂತರು. ಆ ವರ್ಷದ ಶ್ರೇಷ್ಠ ತರಬೇತುದಾರನೆಂದು ಅವರಿಗೆ ದೊರೆತ ಪ್ರಶಸ್ತಿಗಳಲ್ಲಿ ನೈಸ್ಮಿತ್ ಹೆಸರಿನದೂ ಒಂದು. ಕಣಕ್ಕಿಳಿಯುವವರು ಐವರು, ಆದರೆ ಯೋಗ್ಯರು ಆರು ಮಂದಿ. ಯಾರನ್ನೂ ನೋಯಿಸದಿರಲೆಂದು ಪ್ರತಿ ಪಂದ್ಯದ ಆರಂಭದಲ್ಲಿ ಸರದಿಯಂತೆ ಒಬ್ಬೊಬ್ಬರನ್ನು ಹೊರಗೆ ಕೂರಿಸುವ ಪದ್ಧತಿಯನ್ನು ಅವರು ತಂದರು. ಪಕ್ಕದ ಆಸನದಲ್ಲಿ ಮೂವತ್ತು ವರ್ಷ ಕುಳಿತವನಿಗಲ್ಲದೆ ಈ ಉಪಾಯ ಹೊಳೆಯದೆಂದು ನಮ್ಮ ಅಭಿಪ್ರಾಯ. 2000ದಲ್ಲಿಯೂ ಕೊನೆಯ ನಾಲ್ಕಕ್ಕೆ ತಂಡವನ್ನು ತಲುಪಿಸಿ, ಮೂರು ವರ್ಷಗಳಲ್ಲಿ 80 ಗೆಲುವು 28 ಸೋಲುಗಳ ಲೆಕ್ಕ ಒಪ್ಪಿಸಿ, ಅದೇ ವರ್ಷ ನಿವೃತ್ತರಾದರು. 2015ರ ಫೆಬ್ರವರಿಯಲ್ಲಿ ಸ್ಮಿತ್ ತೀರಿಕೊಂಡರು. ಮೇ ತಿಂಗಳಲ್ಲಿ ಗಥ್ರಿಜ್.

ಅವರ ಗುರು ಟೆಕ್ಸ್ ವಿಂಟರ್ ಅವರ ವೃತ್ತಾಂತ ಇನ್ನೂ ವಿಚಿತ್ರ. ಕಾಲೇಜಿನಲ್ಲಿ ಪ್ರಧಾನರಾಗಿದ್ದ ಆ ಪುರುಷ ವೃದ್ಧಾಪ್ಯದಲ್ಲಿ ಶಿಕಾಗೊ ಬುಲ್ಸ್ ಎಂಬ ವೃತ್ತಿಪರ ತಂಡಕ್ಕೆ ಸಹಾಯಕರಾಗಿ ಹೋದರು. 1991ರಿಂದ 1998ರೊಳಗೆ ಜೋರ್ಡನ್ ಆ ತಂಡಕ್ಕೆ ಆರು ಕಿರೀಟ ಗೆದ್ದುಕೊಟ್ಟಾಗ ಅವರೆಲ್ಲ ಆಡುತ್ತಿದ್ದುದು ವಿಂಟರ್ ಪೋಷಿಸಿದ ತ್ರಿಕೋನದ ವ್ಯೂಹವನ್ನು. ಮೇಲಿಂದ ಕೆಳಗಿಳಿದರೆಂದು ಯಾರೂ ಅವರನ್ನು ನಗಲಿಲ್ಲ.

ಆದರೆ ಇಂಥವರನ್ನೇ ತೋರಿಸಿ ಯುವಕನನ್ನು ಹುರಿದುಂಬಿಸುವುದು ನ್ಯಾಯವಲ್ಲ. ಸಂಸಾರಿಗೆ ಸಂಬಳದ ಮಾತು ಮುಖ್ಯ. ಗಥ್ರಿಜ್ ಅವರ ಜೊತೆಯಲ್ಲಿಯೇ ಸ್ಮಿತ್ ಅವರಿಗೆ ಸಹಾಯಕರಾಗಿದ್ದ ರಾಯ್ ವಿಲಿಯಮ್ಸ್ 1978ರಲ್ಲಿ ಪ್ರೌಢಶಾಲೆಯ ಕೆಲಸ ಬಿಟ್ಟು ಬಂದಾಗ ದೊರೆತ ವೇತನ ವರ್ಷಕ್ಕೆ 2,700 ಡಾಲರು. ಮನೆಯಲ್ಲಿ ಹೆಂಡತಿ, ಎಳೆಯ ಮಗು. ತಂಡದ ಕ್ಯಾಲೆಂಡರುಗಳನ್ನು ಕಾರಿನಲ್ಲಿ ತುಂಬಿಕೊಂಡು ಊರೂರಲ್ಲಿ ಮಾರಿದರು. ಸ್ಮಿತ್ ಅವರ ದೂರದರ್ಶನ ಕಾರ್ಯಕ್ರಮದ ಸುರುಳಿಗಳನ್ನು ಭಾನುವಾರ ನಸುಕಿನಲ್ಲಿ ದೂರದ ಕೇಂದ್ರಗಳಿಗೆ ಮುಟ್ಟಿಸಿ ಸಂಸಾರ ನಡೆಸಿದರು. ಹತ್ತು ವರ್ಷದ ಮೇಲೆ, ಕಾಲೇಜೊಂದರಲ್ಲಿ ಪ್ರಧಾನನಾಗಿದ್ದ ಅನುಭವವೇ ಇಲ್ಲದ ಅವರನ್ನು ಕಾನ್ಸಾಸ್ ವಿಶ್ವವಿದ್ಯಾನಿಲಯ ಕರೆದು ಪ್ರಧಾನ ಪದವಿ ಕೊಟ್ಟಿತು. ಮುಂದೆ ಹಳೆಯ ಮನೆಗೇ ಮರಳಿ 2005, 2009, 2017ರಲ್ಲಿ ರಾಷ್ಟ್ರೀಯ ಕಿರೀಟ ಗೆದ್ದರು. ಕ್ಯಾಲೆಂಡರು ಮಾರಿದವರೆಲ್ಲ ವಿಲಿಯಮ್ಸ್ ಆಗಲಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

ಈ ಬಡಪಾಯಿಗಳ ಸಂಬಳಕ್ಕೆ ಒಮ್ಮೆ ಕಾನೂನೇ ಕತ್ತರಿ ಹಾಕಿತ್ತು. ಅಲ್ಲಿಯ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌.ಸಿ.ಎ.ಎ. ಎಂಬ ಸಂಘವು ವೆಚ್ಚ ತಗ್ಗಿಸಲೆಂದು 1992ರಿಂದ ಪ್ರತಿ ತಂಡದ ಒಬ್ಬ ಸಹಾಯಕನನ್ನು ಮಿತವೇತನದವನೆಂದು ಹೆಸರಿಸಿ, ಶಾಲಾವರ್ಷಕ್ಕೆ 12,000 ಡಾಲರ್, ಬೇಸಗೆಗೆ 4,000 ಡಾಲರ್ ಮೀರಕೂಡದೆಂದು ವಿಧಿಸಿತು. ಪ್ರಧಾನನ ಆದಾಯಕ್ಕೆ ಅಂಥ ಕಟ್ಟಳೆ ಇರಲಿಲ್ಲ, ಗಮನಿಸಬೇಕು! ತರಬೇತುದಾರರು ನ್ಯಾಯಾಲಯಕ್ಕೆ ಹೋದರು. ಈ ನಿಯಮ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು 1995ರಲ್ಲಿ ತೀರ್ಪಾಯಿತು. ಮೇಲ್ಮನವಿಯಲ್ಲಿಯೂ ಅದೇ ನಿಂತಿತು. 1999ರಲ್ಲಿ ಸಂಘವು 5 ಕೋಟಿ 45 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಈಗ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಸಹಾಯಕರಿಗೆ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ದೊರೆಯುವುದುಂಟು. ಸಣ್ಣ ಕಾಲೇಜುಗಳಲ್ಲಿ ಇಂದಿಗೂ ಕೈಯಿಂದ ಬಾಯಿಗೆ.

ಇನ್ನೊಂದು ಕಷ್ಟ. ಪ್ರಧಾನನನ್ನು ತೆಗೆದರೆ ಸಹಾಯಕರೂ ಸಾಮಾನು ಕಟ್ಟಬೇಕು; ಹೊಸಬ ತನ್ನವರನ್ನು ತರುತ್ತಾನೆ. ತೆಗೆಯದಿದ್ದರೂ ಕಷ್ಟ ತಪ್ಪಿದ್ದಲ್ಲ. ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಮೈಕ್ ಹಾಪ್ಕಿನ್ಸ್ ಎರಡು ದಶಕಗಳಿಗೂ ಮೀರಿ ಜಿಮ್ ಬೋಹೈಮ್ ಅವರ ಸಹಾಯಕರಾಗಿದ್ದರು. ಮುಂದಿನ ಪ್ರಧಾನರು ಇವರೇ ಎಂದು 2015ರಲ್ಲಿ ಘೋಷಣೆಯೂ ಆಯಿತು. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಕರೆದಾಗ ಅವರು ಕಾಯುವುದನ್ನು ಬಿಟ್ಟು ಹೊರಟರು. ಬೋಹೈಮ್ ಆಸನ ಬಿಟ್ಟದ್ದು 2023ರಲ್ಲಿ. ಹಾಪ್ಕಿನ್ಸ್ ಹೊಸ ಊರಿನಲ್ಲಿ ಮೊದಲ ಎರಡು ವರ್ಷ ಮೆರೆದು, ಬಳಿಕ ಸೋಲುಗಳಿಂದ ಕುಗ್ಗಿ, 2024ರಲ್ಲಿ ಆ ಹುದ್ದೆಯನ್ನೂ ಕಳೆದುಕೊಂಡರು. ಉಳಿದಿದ್ದರೆ ಒಳಿತಿತ್ತೇ ಎಂದು ಹೇಳಬಲ್ಲವರು ಯಾರು?

ಆಮಿಷದ ಮಾತನ್ನೂ ಮುಚ್ಚಿಡಲಾರೆವು. ಹುಡುಗರಿಗೂ ಅವರ ಮನೆಯವರಿಗೂ ಹತ್ತಿರವಿರುವವನು ಸಹಾಯಕನೇ. ಆದ್ದರಿಂದ ಹಣದ ಥೈಲಿ ಹಿಡಿದವರು ಮೊದಲು ತಟ್ಟುವುದು ಅವನ ಬಾಗಿಲನ್ನೇ. 2017ರ ಸೆಪ್ಟೆಂಬರಿನಲ್ಲಿ ನಾಲ್ಕು ವಿಶ್ವವಿದ್ಯಾನಿಲಯಗಳ ನಾಲ್ವರು ಸಹಾಯಕರು ಲಂಚದ ಆರೋಪದಲ್ಲಿ ಬಂಧಿತರಾದರು. ನಾಲ್ವರೂ ಮುಂದೆ ತಪ್ಪೊಪ್ಪಿಕೊಂಡರು, ಇಬ್ಬರಿಗೆ ಮೂರು ಮೂರು ತಿಂಗಳ ಸೆರೆಯಾಯಿತು. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಬಹಿರಂಗವಾಗಿಯೇ ಹಣ ಗಳಿಸಬಹುದಾಗಿದೆ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಲೂಬಹುದಾಗಿದೆ. ಸಹಾಯಕನಿಗೆ ಹೊಸ ಹುಡುಗರನ್ನು ತರುವುದರ ಜೊತೆಗೆ ಇದ್ದವರನ್ನು ಉಳಿಸಿಕೊಳ್ಳುವ ಪಾಡೂ ಸೇರಿತು.

ಇಷ್ಟನ್ನೂ ನಾವು ದಾವಣಗೆರೆಯ ಹಿರಿಯರ ಮುಂದೆ ಇಟ್ಟೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಗಥ್ರಿಜ್ ಮಹಾಶಯರ ಹೆಂಡತಿ ಮಕ್ಕಳು ಮೂವತ್ತು ವರ್ಷ ಏನೆಂದುಕೊಂಡಿದ್ದರೋ" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿಯೇ ನಮ್ಮೆದುರಿನಲ್ಲಿ ಮೊಮ್ಮಗನಿಗೆ ದೂರವಾಣಿ ಮಾಡಿದರು. ಸಂಬಳವೆಷ್ಟೆಂದು ಕೇಳುವರೆಂದುಕೊಂಡಿದ್ದೆವು, ಕೇಳಲಿಲ್ಲ. "ಯಾರ ಪಕ್ಕದಲ್ಲಿ ಕೂರ್ತೀಯಪ್ಪ? ಆ ಮನುಷ್ಯ ಎಂಥವನು?" ಎಂದು ಕೇಳಿದರು. ಹುಡುಗ ಅರ್ಧ ಗಂಟೆ ಮಾತನಾಡಿದ. ಸ್ನಾತಕೋತ್ತರ ಓದಿನ ಶುಲ್ಕ ಮಾಫಿ, ಸ್ವಲ್ಪ ಭತ್ಯೆ, ಪ್ರತಿಯಾಗಿ ತಂಡಕ್ಕೆ ಆಟದ ಚಿತ್ರಗಳನ್ನು ಕತ್ತರಿಸಿ ಜೋಡಿಸಿಕೊಡುವ ಕೆಲಸ, ಇದು ಮೊದಲ ಮೆಟ್ಟಿಲಂತೆ. ಎರಡು ವರ್ಷ ನೋಡೋಣವೆಂದು ಮನೆಯವರು ಒಪ್ಪಿದ್ದಾರೆ.