ನೆಂಟರಲ್ಲಿ ಮದುವೆ ಮತ್ತು ಮಕ್ಕಳ ಆರೋಗ್ಯ

ಹೆಣ್ಣು ದೂರ ಹೋಗಬಾರದು, ಆಸ್ತಿ ಒಡೆಯಬಾರದು, ಗೊತ್ತಿದ್ದ ಮನೆಯಾದರೆ ಚಿಂತೆಯಿಲ್ಲ ಎಂದು ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ರೂಢಿಯುಳ್ಳವರಿಗೆ 1955ರ ಹಿಂದೂ ವಿವಾಹ ಕಾಯ್ದೆಯೂ ಅಡ್ಡಿ ಮಾಡಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 27 ಮಂದಿ ರಕ್ತಸಂಬಂಧಿಗಳನ್ನೇ ವರಿಸಿದವರು. ಇಡೀ ದೇಶದಲ್ಲಿ ಈ ಪ್ರಮಾಣ ಸುಮಾರು 11. ಇದರಿಂದ ಮಕ್ಕಳ ಆರೋಗ್ಯಕ್ಕೆ ಬಾಧೆಯುಂಟೇ ಎಂಬುದನ್ನು ವಿಚಾರಿಸೋಣ.

ನಮ್ಮ ದೇಹದಲ್ಲಿ ವಂಶವಾಹಿಗಳು ಜೋಡಿಜೋಡಿಯಾಗಿವೆ: ತಾಯಿಯಿಂದ ಒಂದು, ತಂದೆಯಿಂದ ಒಂದು. ಎಷ್ಟೋ ದೋಷಗಳಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುವುದರಿಂದ ವ್ಯಕ್ತಿ ಆರೋಗ್ಯವಾಗಿಯೇ ಇರುತ್ತಾನೆ. ಗಂಡಹೆಂಡಿರಿಬ್ಬರಲ್ಲಿಯೂ ಅದೇ ದೋಷ ಅಡಗಿದ್ದರೆ ಪ್ರತಿ ಹೆರಿಗೆಯಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಒಬ್ಬನೇ ಅಜ್ಜನಿಂದ ಬಂದ ದೋಷ ಎರಡು ದಾರಿಯಿಂದ ಇಳಿದು ಒಂದೇ ಮಗುವಿನಲ್ಲಿ ಕೂಡುವುದು ನೆಂಟರ ಮದುವೆಯಲ್ಲಿ ಸುಲಭ. ಸೋದರಿಕೆಯ ಮಕ್ಕಳ ಸಂತಾನದಲ್ಲಿ ಹೀಗೆ ಕೂಡುವ ಪ್ರಮಾಣ 16ರಲ್ಲಿ 1. ಮಾವ–ಸೊಸೆಯರ ಸಂತಾನದಲ್ಲಿ 8ರಲ್ಲಿ 1. ಹುಟ್ಟುಕಿವುಡು, ಥಲಸ್ಸೀಮಿಯಾದಂಥ ರಕ್ತದೋಷ ಇವು ಹೀಗೆ ತಲೆಯೆತ್ತಬಲ್ಲವು. ಆದರೆ ಭಯ ಬೇಡ. ಯಾವ ದಂಪತಿಗಳಿಗಾದರೂ ಗಂಭೀರ ದೋಷವುಳ್ಳ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು ಮೂರು. ಸೋದರಿಕೆಯಲ್ಲಿ ಇದಕ್ಕೆ ಇನ್ನೆರಡು ಮೂರು ಸೇರುತ್ತದೆ. ಬಹುಪಾಲು ಮಕ್ಕಳು ಆರೋಗ್ಯವಂತರೇ.

ಗುಡವಿಯ ಪಕ್ಷಿಧಾಮವಿರುವ ಸೊರಬಕ್ಕೆ ನೆರೆಯ ತಾಲ್ಲೂಕು ಸಾಗರ. ಅಲ್ಲಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಸೊಂಟ, ಮಂಡಿಗಳ ಕೀಲು ಸವೆದು ಜನ ನಡೆಯಲಾರದೆ ಹೋಗುವ ಕಾಯಿಲೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿ ಹಿಡಿದು ತಿಂದ ಏಡಿ ಕಾರಣವೆಂದು ಮೊದಲು ಶಂಕಿಸಿದರು. ಮುಂದಿನ ಸಂಶೋಧನೆಯಿಂದ ಅದು ವಂಶದಲ್ಲಿ ಇಳಿದು ಬರುವುದೆಂದು ತಿಳಿಯಿತು. ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಇದು ಅಡಗಿರುವ ದೋಷವಲ್ಲ. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಆದ್ದರಿಂದ ಈ ಕಾಯಿಲೆಯನ್ನು ನೆಂಟಸ್ತನ ಹುಟ್ಟಿಸಿತೆನ್ನುವುದು ಸರಿಯಲ್ಲ. ಆದರೆ ಮದುವೆಗಳು ಸಣ್ಣ ಬಳಗದೊಳಗೇ ನಡೆದುದರಿಂದ ದೋಷ ಆ ಮನೆಗಳಲ್ಲೇ ಸುತ್ತಿತು. ರೋಗಿಗಳಿಬ್ಬರು ದಂಪತಿಗಳಾದರೆ ಸಂಭವ ನಾಲ್ಕರಲ್ಲಿ ಮೂರಕ್ಕೇರುತ್ತದೆ. ಆ ಮನೆಯವರನ್ನು ದೂರವಿಡುವುದು ನ್ಯಾಯವಲ್ಲ. ಅದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ.

ನೆಂಟರಲ್ಲಿ ಮಾತುಕತೆ ನಡೆದಿದ್ದರೆ ಜಾತಕದೊಡನೆ ಮನೆತನದ ಆರೋಗ್ಯವನ್ನೂ ವಿಚಾರಿಸಿ. ಹುಟ್ಟುಕಿವುಡರು, ಎಳವೆಯಲ್ಲೇ ತೀರಿಕೊಂಡ ಮಕ್ಕಳು, ಮೇಲಿಂದ ಮೇಲೆ ರಕ್ತ ಕೊಡಿಸಬೇಕಾದವರು ಇದ್ದರೆ ಮುಚ್ಚಿಡಬೇಡಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ಸಲಹೆ ದೊರೆಯುತ್ತದೆ. ಮದುವೆ ಆಗಿಹೋಗಿದ್ದರೆ ಗರ್ಭ ಧರಿಸುವ ಮೊದಲೇ ವೈದ್ಯರಿಗೆ ಸಂಬಂಧವನ್ನು ತಿಳಿಸಿ. ಕೂಸಿಗೆ ಒಂದು ತಿಂಗಳು ತುಂಬುವುದರೊಳಗೆ ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಏರ್ಪಾಡಿದೆ. ಕಿವುಡು ಬೇಗ ತಿಳಿದಷ್ಟೂ ಮಗುವಿಗೆ ಮಾತು ಕಲಿಸುವುದು ಸುಲಭ.