ಎದುರಾಳಿಯಿಲ್ಲದ ಹಾಡು: ಹರದೇಶಿ-ನಾಗೇಶಿ, ಹಿಪ್ ಹಾಪ್ ಮತ್ತು ವಾಣಿಜ್ಯ

ಜನಪ್ರಿಯ ಕಲೆಯೊಂದು ಹಣದ ಕೈಗೆ ಸಿಕ್ಕಿದೊಡನೆ ಅದರ ಸೃಷ್ಟಿಶಕ್ತಿ ಕುಂದುತ್ತದೆಂಬುದು ವಿದ್ಯಾವಂತರಲ್ಲಿ ರೂಢಿಯಾದ ಅಭಿಪ್ರಾಯ. ಅಮೆರಿಕದ ಹಿಪ್ ಹಾಪ್ ಹಾಡುಗಾರಿಕೆಯನ್ನು ಕುರಿತು ಈ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಲಾವಣಿ, ಗೀಗೀ ಪದಗಳನ್ನು ಕುರಿತೂ ಅದೇ ಮಾತು ಬೇರೆ ಶಬ್ದಗಳಲ್ಲಿ ಕೇಳಿಬರುತ್ತದೆ. ಜಾತ್ರೆಯಲ್ಲಿ ಮೇಳಗಳ ಜಾಗಕ್ಕೆ ರಸಮಂಜರಿ ಬಂದಿತು, ಹಾಡು ಹೋಗಿ ಸದ್ದು ಉಳಿಯಿತು ಎಂದು ಹಿರಿಯರು ಕೊರಗುವುದುಂಟು. ಈ ಕೊರಗಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ರೋಗದ ಕಾರಣವನ್ನು ಸರಿಯಾಗಿ ಗುರುತಿಸಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಪರಸ್ಪರ ಸಂಬಂಧವಿಲ್ಲದ ಈ ಎರಡು ಸಂಪ್ರದಾಯಗಳನ್ನು ಒತ್ತಟ್ಟಿಗಿಟ್ಟು ನೋಡಿ, ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

೧. ಎರಡು ಪಕ್ಷಗಳ ಹಾಡು

ಲಾವಣಿಯು ಕನ್ನಡ-ಮರಾಠಿ ಸೀಮೆಗಳು ಹಂಚಿಕೊಂಡ ಹಾಡಿನ ಬಗೆ. ಮಹಾರಾಷ್ಟ್ರದ ಶಾಹೀರರಲ್ಲಿ ಕಲಗಿ, ತುರಾ ಎಂಬ ಎರಡು ಪಂಥಗಳಿರುವಂತೆ, ೧೯೯೭ರವರೆಗೆ ಒಂದೇ ಜಿಲ್ಲೆಯಾಗಿದ್ದ ವಿಜಾಪುರ-ಬಾಗಲಕೋಟೆಗಳ ಕಡೆ ನಾಗೇಶಿ, ಹರದೇಶಿ ಎಂಬ ಎರಡು ಪಕ್ಷಗಳಿವೆ. ಶಕ್ತಿಯೇ ಹೆಚ್ಚು, ಹೆಣ್ಣೇ ಮೇಲು ಎಂಬುದು ನಾಗೇಶಿಯ ವಾದ; ಶಿವನೇ ಹೆಚ್ಚು, ಗಂಡೇ ಮೇಲು ಎಂಬುದು ಹರದೇಶಿಯ ವಾದ. ನಾಗೇಶಿಯನ್ನು ಹೆಚ್ಚಾಗಿ ಹೆಂಗಸರೂ ಹರದೇಶಿಯನ್ನು ಗಂಡಸರೂ ಹಾಡುತ್ತಾರೆ. ಇದರ ಬಳಿಯಲ್ಲಿಯೇ ಬೆಳೆದ ಗೀಗೀ ಪದವು ತನ್ನ ಪಲ್ಲವಿಯ ‘ಗೀಗೀ’ ಎಂಬ ಧ್ವನಿಯಿಂದ ಹೆಸರು ಪಡೆದಿದೆ. ಮುಖ್ಯ ಹಾಡುಗಾರನು ದಪ್ಪು ಹಿಡಿದು ಮುಂದೆ ನಿಲ್ಲುತ್ತಾನೆ. ತುಂತುಣಿ, ತಾಳಗಳನ್ನು ಹಿಡಿದ ಇಬ್ಬರು ಹಿಂದೆ ನಿಂತು ದನಿಗೂಡಿಸುತ್ತಾರೆ.

ಈ ಕಲೆಯ ಮರ್ಮವೆಲ್ಲ ವಾದದಲ್ಲಿದೆ. ಊರವರು ವೀಳ್ಯ ಕೊಟ್ಟು ಎರಡು ಮೇಳಗಳನ್ನು ಕರೆಸುತ್ತಾರೆ. ಒಂದು ಮೇಳವು ಹಾಡಿನಲ್ಲಿಯೇ ಸವಾಲು ಹಾಕುತ್ತದೆ. ಆ ಸವಾಲು ಪುರಾಣದ ಒಂದು ತೊಡಕಾಗಬಹುದು, ಲೋಕವ್ಯವಹಾರದ ಒಂದು ಒಗಟಾಗಬಹುದು, ಶಿವಶಕ್ತಿಯರಲ್ಲಿ ಯಾರು ಮೊದಲೆಂಬ ಹಳೆಯ ಪ್ರಶ್ನೆಯ ಹೊಸ ರೂಪವಾಗಬಹುದು. ಎದುರು ಮೇಳವು ಅದಕ್ಕೆ ಹಾಡಿನಲ್ಲಿಯೇ ಜವಾಬು ಕೊಡಬೇಕು. ಕೊಟ್ಟು ಸುಮ್ಮನಾಗದೆ ಮರುಸವಾಲನ್ನೂ ಹಾಕಬೇಕು. ಪಲ್ಲ, ನುಡಿ, ಚಾಲ, ಏರು, ಕೂಡುಪಲ್ಲ ಎಂಬ ಹಾಡಿನ ಅಂಗಗಳು ಸಿದ್ಧವಾಗಿವೆ, ಮಟ್ಟುಗಳೂ ಸಿದ್ಧವಾಗಿವೆ; ಆದರೆ ಯಾವ ಮಾತು ಬರುವುದೆಂಬುದು ಎದುರಿನವರ ಬಾಯಿಂದ ಹೊರಡುವವರೆಗೆ ಗೊತ್ತಾಗುವುದಿಲ್ಲ. ಕಂಠಪಾಠ ಎಷ್ಟೇ ಇದ್ದರೂ ಒಂದಲ್ಲ ಒಂದು ಘಟ್ಟದಲ್ಲಿ ಹೊಸದನ್ನು ಕಟ್ಟಲೇಬೇಕಾಗುತ್ತದೆ. ಹಳಸಿದ ಮಾತನ್ನು ಎರಡನೆಯ ಸಲ ತಂದರೆ ಎದುರಾಳಿಯು ಸಭೆಯ ಮುಂದೆಯೇ ಅದನ್ನು ಎತ್ತಿ ತೋರಿಸುತ್ತಾನೆ.

ಅಂಕಿತವು ಎರಡನೆಯ ಕಟ್ಟುಪಾಡು. ಹಾಡಿನ ಕೊನೆಯ ನುಡಿಯಲ್ಲಿ ಊರು, ದೈವ, ಗುರು ಅಥವಾ ಕವಿಯ ಹೆಸರು ಬರುತ್ತದೆ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಹಲಗಲಿಯ ಬೇಡರು ೧೮೫೭ರಲ್ಲಿ ನಿಃಶಸ್ತ್ರೀಕರಣದ ಕಾನೂನನ್ನು ಎದುರಿಸಿ ಬಂಡೆದ್ದರು. ಅವರನ್ನು ಕುರಿತ ಲಾವಣಿಯನ್ನು ಜಾನ್ ಫೇತ್‌ಫುಲ್ ಫ್ಲೀಟನು ಸಂಗ್ರಹಿಸಿ ಪ್ರಕಟಿಸಿದನು. ಅದು ಕುರ್ತಕೋಟಿಯ ಕಡೆಯಿಂದ ಹೊರಟ ಹಾಡೆಂದು ಇಂದು ನಾವು ಹೇಳಬಲ್ಲುದು ಅದರಲ್ಲಿಯ ಕಲ್ಮೇಶನ ಅಂಕಿತದ ಬಲದಿಂದ. ಹೀಗೆ ಅಂಕಿತವು ಹಾಡಿಗೆ ಒಬ್ಬ ಹೊಣೆಗಾರನನ್ನು ನಿಲ್ಲಿಸುತ್ತದೆ.

೨. ಹಿಪ್ ಹಾಪಿನ ಸಾಕ್ಷ್ಯ

ಹಿಪ್ ಹಾಪಿನ ಹುಟ್ಟನ್ನು ಸಾಮಾನ್ಯವಾಗಿ ೧೯೭೩ನೆಯ ಆಗಸ್ಟ್ ೧೧ಕ್ಕೆ ನಿಲ್ಲಿಸುತ್ತಾರೆ. ಅಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಜಮೈಕಾದಿಂದ ಬಂದು ನೆಲೆಸಿದ್ದ ಕೂಲ್ ಹರ್ಕ್ ಎಂಬ ತರುಣನು ಮನೆಯವರ ಸಂತೋಷಕೂಟವೊಂದರಲ್ಲಿ ಧ್ವನಿಮುದ್ರಿಕೆಗಳನ್ನು ಹೊಸ ರೀತಿಯಲ್ಲಿ ನುಡಿಸಿದನು. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಮಾತನ್ನು ಹೆಣೆಯುವ ರ‍್ಯಾಪ್ ಬೆಳೆದುದು ಬಡ ಕರಿಯ ಮತ್ತು ಲ್ಯಾಟಿನ್ ಜನರ ಕೇರಿಗಳಲ್ಲಿ, ಗುಂಪುಗುಂಪುಗಳ ಪೈಪೋಟಿಯಲ್ಲಿ. ೧೯೭೯ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಎಂಬ ತಂಡದ ‘ರ‍್ಯಾಪರ್ಸ್ ಡಿಲೈಟ್’ ಎಂಬ ಮುದ್ರಿಕೆ ಹೊರಬಂದು ದೇಶವನ್ನೆಲ್ಲ ಸುತ್ತಿತು. ಅದರ ಮಾತುಗಳಲ್ಲಿ ಒಂದು ಭಾಗವು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಬೇರೊಬ್ಬ ಹಾಡುಗಾರನದಾಗಿತ್ತು. ಆದರೆ ಮುದ್ರಿಕೆಯ ಮೇಲೆ ಅವನ ಹೆಸರಿರಲಿಲ್ಲ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಹಿಪ್ ಹಾಪು ಪೇಟೆಯನ್ನು ಪ್ರವೇಶಿಸಿದ್ದೇ ಅಂಕಿತವನ್ನು ಕಳೆದುಕೊಂಡು.

ಎರಡು ವರ್ಷಗಳ ತರುವಾಯ, ೧೯೮೧ರ ಡಿಸೆಂಬರಿನಲ್ಲಿ, ಹಾರ್ಲೆಮ್ಮಿನ ಒಂದು ಸಭಾಗೃಹದಲ್ಲಿ ನಡೆದ ಸ್ಪರ್ಧೆ ಇನ್ನೂ ಬೋಧಪ್ರದವಾಗಿದೆ. ಬಿಜಿ ಬೀ ಎಂಬ ಹಾಡುಗಾರನು ಜನರನ್ನು ಕೂಗಿಸಿ ಕುಣಿಸುವುದರಲ್ಲಿ ಪ್ರವೀಣ. ಕೂಲ್ ಮೋ ಡೀ ಎಂಬವನು ಎದುರಿಗೆ ನಿಂತು, ಅವನ ಮಾತುಗಳು ಸವೆದುವೆಂದೂ ಸ್ವಂತದ್ದಲ್ಲವೆಂದೂ ಪ್ರಾಸದಲ್ಲಿಯೇ ಆಕ್ಷೇಪಿಸಿದನು. ಚಪ್ಪಾಳೆಗೆ ತಕ್ಕ ಸಿದ್ಧಮಾತುಗಳಿಗಿಂತ ಕಟ್ಟಿದ ಮಾತೇ ಮೇಲೆಂಬ ಅಭಿರುಚಿ ಆ ರಾತ್ರಿಯಿಂದ ಬಲಗೊಂಡಿತೆಂದು ಹಿಪ್ ಹಾಪಿನ ಚರಿತ್ರಕಾರರು ಹೇಳುತ್ತಾರೆ. ಸವೆದ ಹಾಡನ್ನು ಸವೆದದ್ದೆಂದು ಬಯಲಿಗೆಳೆದವನು ಇಲ್ಲಿ ವಿಮರ್ಶಕನಲ್ಲ, ಎದುರಾಳಿ.

ಹಿಪ್ ಹಾಪು ಇಂದು ಜಗತ್ತಿನ ಅತ್ಯಂತ ಲಾಭದಾಯಕ ಸಂಗೀತಗಳಲ್ಲಿ ಒಂದು. ಆದರೂ ಕೆಂಡ್ರಿಕ್ ಲಮಾರನ ಸಂಪುಟವೊಂದಕ್ಕೆ ೨೦೧೮ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ೨೦೨೪ರ ವಸಂತದಲ್ಲಿ ಅವನಿಗೂ ಡ್ರೇಕನಿಗೂ ನಡೆದ ವಾದದಲ್ಲಿ ಕೆಲವೇ ದಿನಗಳೊಳಗೆ ಹಾಡಿಗೆ ಹಾಡು ಜವಾಬಾಗಿ ಹೊರಟಿತು. ಇಬ್ಬರ ಹಾಡುಗಳನ್ನೂ ಹಂಚುತ್ತಿದ್ದುದು ಒಂದೇ ದೊಡ್ಡ ಸಂಸ್ಥೆ. ಜಗಳವೂ ಸರಕಾಯಿತೆಂದು ಹೇಳಬಹುದು. ಆದರೂ ಎದುರಾಳಿ ನಿಂತ ಕೂಡಲೆ ಹಾಡಿಗೆ ಹರಿತ ಬಂದಿತೆಂಬುದು ನಿರ್ವಿವಾದ.

೩. ಹಣವೊಂದೇ ಕಾರಣವಲ್ಲ

ನಮ್ಮ ಸೀಮೆಗೆ ಮರಳೋಣ. ಲಾವಣಿಕಾರನು ಎಂದೂ ಹಣಕ್ಕೆ ಹೊರತಾಗಿದ್ದವನಲ್ಲ. ವೀಳ್ಯ, ಸಂಭಾವನೆ, ಮೆಚ್ಚಿದವರು ಕೊಡುವ ಆಯೇರಿ ಇವೆಲ್ಲ ಆ ಕಲೆಯ ಜೀವನೋಪಾಯಗಳೇ ಆಗಿದ್ದುವು. ಇಳಕಲ್ಲ ಸೀರೆಯೂ ಮೊದಲಿನಿಂದ ಮಾರಾಟದ ವಸ್ತು. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ತೋಪ ತೆನೆಯ ಸೆರಗನ್ನು ನೇಯುವ ಜಾಣ್ಮೆಯು ಕೊಳ್ಳುವವಳ ಕಣ್ಣಿನ ಪರೀಕ್ಷೆಗೆ ಒಳಗಾಗಿಯೇ ಉಳಿದುಬಂದಿದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಪುಷ್ಯ ಶುದ್ಧ ಹುಣ್ಣಿಮೆಯ ರಥೋತ್ಸವದ ತರುವಾಯ ವಾರಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳು ಟಿಕೀಟಿನ ಹಣದ ಮೇಲೆಯೇ ಬದುಕುತ್ತವೆ. ಹುನಗುಂದ ತಾಲೂಕಿನ ಸೂಳೇಭಾವಿಯವರಾದ ಪಿ. ಬಿ. ಧುತ್ತರಗಿಯವರು ಬರೆದುದು ಇಂಥ ರಂಗಭೂಮಿಗಾಗಿ. ಅವರ ‘ಸಂಪತ್ತಿಗೆ ಸವಾಲ್’ ಕಂಪನಿಗಳಲ್ಲಿ ಜನಪ್ರಿಯವಾಗಿ, ೧೯೭೪ರಲ್ಲಿ ಚಲಚ್ಚಿತ್ರವೂ ಆಯಿತು. ಮುಂದೆ ಕುಳಿತ ಪ್ರೇಕ್ಷಕನು ಆ ಕ್ಷಣದಲ್ಲಿಯೇ ಒಪ್ಪುವ, ತಿರಸ್ಕರಿಸುವ ಅಧಿಕಾರವುಳ್ಳವನಾಗಿದ್ದರೆ, ಅವನು ಕೊಟ್ಟ ಹಣವು ಕಲೆಗೆ ವಿಷವಾಗಬೇಕೆಂಬ ನಿಯಮವಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಸ್ವಾತಂತ್ರ್ಯದ ಚಳವಳಿಯ ಕಾಲದಲ್ಲಿ ಗೀಗೀ ಪದವು ಪರಸತ್ತೆಯನ್ನೇ ಎದುರಾಳಿಯಾಗಿ ಮಾಡಿಕೊಂಡು ಹಳ್ಳಿಹಳ್ಳಿಗಳನ್ನು ತಟ್ಟಿತು. ತರುವಾಯ ಕುಟುಂಬಯೋಜನೆ, ಸಾಕ್ಷರತೆ ಮುಂತಾದ ಸರಕಾರದ ಕಾರ್ಯಕ್ರಮಗಳ ಪ್ರಚಾರಕ್ಕೆ ಅದೇ ಮೇಳಗಳನ್ನು ನೇಮಿಸಲಾಯಿತು. ಉದ್ದೇಶ ಒಳ್ಳೆಯದು, ಲಾಭಕೋರತನದ ಸೋಂಕು ಇಲ್ಲ. ಆದರೆ ಆ ಹಾಡುಗಳಲ್ಲಿ ಬಹಳಷ್ಟು ನೀರಸವಾದುವು. ಮೊದಲೇ ಒಪ್ಪಿಗೆ ಪಡೆದ ಉಪದೇಶಕ್ಕೆ ಜವಾಬು ಹಾಡುವವರು ಯಾರೂ ಇರಲಿಲ್ಲ. ಹಣದ ಆಸೆಯಿಲ್ಲದ ಕಡೆಯೂ ಸೃಷ್ಟಿಶಕ್ತಿ ಬತ್ತಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

೪. ಎದುರಾಳಿ ಮರೆಯಾದ ಬಗೆ

ಆದಕಾರಣ ಪೇಟೆಯು ಏನನ್ನು ಕಿತ್ತುಕೊಂಡಿತೆಂಬುದನ್ನು ಖಚಿತವಾಗಿ ಹೇಳಬೇಕು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ೧೯೫೦ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಯು ಜನಪದ ಹಾಡುಗಾರರಿಗೆ ದೊಡ್ಡ ಮನ್ನಣೆ ತಂದಿತು. ಆದರೆ ಅಲ್ಲಿಯೂ ಗಡಿಯಾರವೇ ಯಜಮಾನ. ೧೯೮೦ರ ದಶಕದಲ್ಲಿ ಕ್ಯಾಸೆಟ್ಟುಗಳು ಬಂದುವು. ಈಗ ಯೂಟ್ಯೂಬ್ ಬಂದಿದೆ. ಇವುಗಳಲ್ಲಿ ಪ್ರತಿಯೊಂದೂ ರಾತ್ರಿಯ ವಾದದಿಂದ ಒಂದು ಹಾಡನ್ನು ಕತ್ತರಿಸಿ ತೆಗೆದು, ಅದನ್ನು ಒಂಟಿಯಾಗಿ ಮಾರುವುದನ್ನು ಕಲಿಸಿತು. ಸವಾಲಿನಿಂದ ಬೇರ್ಪಟ್ಟ ಜವಾಬಿಗೆ ಅರ್ಥವಿಲ್ಲ. ಆದುದರಿಂದ ಒಂಟಿಯಾಗಿಯೇ ನಿಲ್ಲಬಲ್ಲ ಪ್ರೇಮದ ಹಾಡು, ಹಾಸ್ಯದ ಹಾಡುಗಳೇ ಹೆಚ್ಚಿದುವು. ಒಂದು ಮಟ್ಟು ಗೆದ್ದರೆ ಅದೇ ಮಟ್ಟಿನಲ್ಲಿ ಹತ್ತು ಹಾಡುಗಳು ಹೊರಡುತ್ತವೆ. ಅವು ಹಳಸಿದುವೆಂದು ಹಾಡಿನಲ್ಲಿಯೇ ಹೇಳುವವರು ಎದುರಿಗಿಲ್ಲ. ಕೊನೆಯ ನುಡಿಯ ಅಂಕಿತವೂ ಎಷ್ಟೋ ಕಡೆ ಸಡಿಲವಾಗಿದೆ.

ಆದರೂ ಇಂದಿನ ಹಾಡುಗಳಲ್ಲಿ ಗುಣವೇ ಇಲ್ಲವೆನ್ನುವುದು ಅನ್ಯಾಯ. ಟ್ರ್ಯಾಕ್ಟರು, ಕಬ್ಬಿನ ಗಾಡಿ, ಮೊಬೈಲು ಇವು ಹಾಡಿನೊಳಕ್ಕೆ ಬಂದಿವೆ. ಈ ಸೀಮೆಯ ಆಡುನುಡಿಯು ಬೆಂಗಳೂರಿನವರೆಗೆ ಹೆಮ್ಮೆಯಿಂದ ಹೋಗಿದೆ. ರಾತ್ರಿಯಿಡೀ ನಡೆದ ಹರದೇಶಿ-ನಾಗೇಶಿ ವಾದಗಳನ್ನು ಪೂರ್ತಿಯಾಗಿ ಯೂಟ್ಯೂಬಿಗೆ ಏರಿಸುವವರೂ ಇದ್ದಾರೆ. ಆದ್ದರಿಂದ ಯಂತ್ರವೂ ತಾನಾಗಿ ದೋಷಿಯಲ್ಲ. ಅದೇ ರೀತಿಯಲ್ಲಿ ವಾದದ ಹಾಡನ್ನೂ ನಿರ್ದೋಷವೆಂದು ಭ್ರಮಿಸಬಾರದು. ಗಂಡು-ಹೆಣ್ಣಿನ ವಾದವು ಬೈಗುಳಕ್ಕೆ ಇಳಿದಾಗ ಅವಮಾನದ ಹೊರೆಯನ್ನು ಹೆಚ್ಚಾಗಿ ಹೊತ್ತವಳು ನಾಗೇಶಿಯ ಹಾಡುಗಾರ್ತಿಯೇ. ಎದುರಾಳಿಯಿದ್ದ ಮಾತ್ರಕ್ಕೆ ಕಾವ್ಯ ಹುಟ್ಟುವುದಿಲ್ಲ. ಎದುರಾಳಿಯನ್ನು ಸಮಾನನೆಂದು ಬಗೆದಾಗ ಮಾತ್ರ ಹುಟ್ಟುತ್ತದೆ.

೫. ನಮ್ಮ ಕರ್ತವ್ಯ

ವಿದ್ವಾಂಸರು ಈ ಹಾಡುಗಳಿಗೆ ಮಾಡಿದ ಉಪಕಾರ ದೊಡ್ಡದು. ಹಲಸಂಗಿಯ ಗೆಳೆಯರ ಬಳಗವು ೧೯೩೩ರಲ್ಲಿ ‘ಜೀವನ ಸಂಗೀತ’ವೆಂಬ ಲಾವಣಿಗಳ ಸಂಗ್ರಹವನ್ನು ಹೊರತಂದಿತು, ಬಿ. ಎಸ್. ಗದ್ದಗಿಮಠರ ಪ್ರಬಂಧದಿಂದ ಜನಪದ ಗೀತೆಗಳ ಅಧ್ಯಯನಕ್ಕೆ ವಿಶ್ವವಿದ್ಯಾಲಯದಲ್ಲಿ ಸ್ಥಾನ ದೊರೆಯಿತು. ಆದರೆ ಅಚ್ಚಿನ ಸಂಗ್ರಹವೂ ಹಾಡನ್ನು ಒಂಟಿಯಾಗಿಯೇ ಹಿಡಿಯುತ್ತದೆ. ನಮ್ಮ ಕಾಲೇಜುಗಳ ಯುವಜನೋತ್ಸವಗಳಲ್ಲಿ ಆಗುತ್ತಿರುವುದೂ ಇದೇ: ಪ್ರತಿಯೊಂದು ತಂಡವು ಗೊತ್ತುಮಾಡಿದ ಕೆಲವು ನಿಮಿಷಗಳಲ್ಲಿ ಕಲಿತ ಹಾಡನ್ನು ಒಪ್ಪಿಸಿ ಇಳಿಯುತ್ತದೆ, ನಿರ್ಣಾಯಕರು ಅಂಕ ಹಾಕುತ್ತಾರೆ, ಒಂದು ತಂಡ ಇನ್ನೊಂದಕ್ಕೆ ಉತ್ತರ ಕೊಡಬೇಕಾದ ಪ್ರಮೇಯವೇ ಇಲ್ಲ. ಪೇಟೆಯನ್ನು ದೂರುವ ಅಧ್ಯಾಪಕರು ಪೇಟೆಯ ರೀತಿಯನ್ನೇ ಅನುಸರಿಸುತ್ತಿರುವುದನ್ನು ಇಲ್ಲಿ ಗಮನಿಸತಕ್ಕದ್ದು.

ಇದನ್ನು ಸರಿಪಡಿಸುವುದು ಅಸಾಧ್ಯವೇನಲ್ಲ. ಹಾಡನ್ನು ಸಂಗ್ರಹಿಸುವಾಗ ಅದರ ಸವಾಲನ್ನೂ ಜವಾಬನ್ನೂ ಸಭೆಯ ಪ್ರತಿಕ್ರಿಯೆಯನ್ನೂ ಕೂಡಿಯೇ ದಾಖಲಿಸಬೇಕು. ಅಂಕಿತವನ್ನು ಬಿಡದೆ ಬರೆದುಕೊಳ್ಳಬೇಕು. ಸ್ಪರ್ಧೆಗಳಲ್ಲಿ ಎರಡು ತಂಡಗಳನ್ನು ಎದುರುಬದುರಾಗಿ ನಿಲ್ಲಿಸಿ, ಸ್ಥಳದಲ್ಲಿಯೇ ಜವಾಬು ಕಟ್ಟಿದವರಿಗೆ ಮನ್ನಣೆ ಕೊಡಬೇಕು. ರ‍್ಯಾಪ್ ಹಾಡುವ ವಿದ್ಯಾರ್ಥಿಯನ್ನೂ ಗೀಗೀ ಮೇಳದ ಹಿರಿಯನನ್ನೂ ಒಂದೇ ವೇದಿಕೆಗೆ ಕರೆದರೆ ಇಬ್ಬರೂ ಒಂದೇ ಕಸುಬಿನವರೆಂಬುದು ಕೇಳುವವರಿಗೆ ಹೊಳೆಯದಿರದು. ಹಣವು ಈ ಕಲೆಯ ಸಂಗಡ ಮೊದಲೂ ಇತ್ತು, ಮುಂದೆಯೂ ಇರುತ್ತದೆ. ಜವಾಬು ಕೇಳುವವರನ್ನು ಮತ್ತೆ ಎದುರಿಗೆ ತಂದು ನಿಲ್ಲಿಸುವ ಕೆಲಸ ಮಾತ್ರ ನಮ್ಮದು.