ಜೀವಾಕ್ಷರಗಳ ಪಾಠಪರಿಷ್ಕರಣ

ಓಲೆಯ ಪ್ರತಿಗಳನ್ನು ಹೋಲಿಸಿ ಗ್ರಂಥಶೋಧನೆ ಮಾಡುವವರಿಗೆ, ಲಿಪಿಕಾರನ ಒಂದಕ್ಷರದ ಪ್ರಮಾದದಿಂದ ಪದ್ಯದ ಅರ್ಥವೆಲ್ಲ ಕೆಡುವುದು ಹೊಸದೇನೂ ಅಲ್ಲ. ಮನುಷ್ಯದೇಹದಲ್ಲಿಯೂ ಹೀಗೆಯೇ ಒಂದಕ್ಷರದ ಅಪಪಾಠದಿಂದ ಹುಟ್ಟುವ ರೋಗವೊಂದುಂಟು. ಕುಡುಗೋಲುಕಣ ರೋಗವೆಂದು ಅದರ ಹೆಸರು. ಜೀವಾಕ್ಷರಗಳನ್ನೇ ಮಾರ್ಪಡಿಸುವ ಕ್ರಿಸ್ಪರ್ ಎಂಬ ವಿದ್ಯೆಯಿಂದ ಈ ರೋಗಕ್ಕೆ ಸಿದ್ಧಪಡಿಸಿದ ಚಿಕಿತ್ಸೆಗೆ 2023ನೆಯ ಇಸವಿ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕ ಸಂಯುಕ್ತಸಂಸ್ಥಾನವೂ ಅನುಮತಿಯಿತ್ತವು. ಆ ವಿದ್ಯೆಯ ಚಿಕಿತ್ಸೆಗೆ ಲೋಕದಲ್ಲಿ ದೊರೆತ ಪ್ರಥಮ ಅನುಮತಿ ಇದೇ. ಅದರ ಸ್ವರೂಪವೇನು, ಅದು ಎಲ್ಲಿ ತಿದ್ದಬಹುದು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಜೀವಕಣಗಳೊಳಗೆ ಡಿ.ಎನ್.ಎ. ಎಂಬ ನೂಲಿನಲ್ಲಿ, ಎ, ಟಿ, ಜಿ, ಸಿ ಎಂದು ಸಂಕೇತಿಸುವ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ, ದೇಹರಚನೆಯ ವಿಧಿಯು ಅಡಗಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳು ಪ್ರತಿಯೊಬ್ಬನಲ್ಲಿಯೂ ಇರುತ್ತವೆ. ಒಂದೊಂದರಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಮೂರು ಮೂರು ಅಕ್ಷರಗಳು ಸೇರಿ ಒಂದು ಪದವಾಗಿ, ಪ್ರೋಟೀನಿನ ಒಂದೊಂದು ಘಟಕವನ್ನು ಹೇಳುತ್ತವೆ. ನೆತ್ತರಿನಲ್ಲಿ ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ನಿನ ಬೀಟಾ ಸರಪಣಿಯಲ್ಲಿ 146 ಘಟಕಗಳುಂಟು. ಅವುಗಳಲ್ಲಿ ಆರನೆಯದನ್ನು ಹೇಳುವ ಜಿಎಜಿ ಎಂಬ ಪದವು ಜಿಟಿಜಿ ಎಂದಾದರೆ, ಗ್ಲುಟಾಮಿಕ್ ಆಮ್ಲವಿರಬೇಕಾದೆಡೆಯಲ್ಲಿ ವ್ಯಾಲಿನ್ ಬಂದು ಕೂಡುತ್ತದೆ. ಅಷ್ಟರಿಂದಲೇ, ಆಮ್ಲಜನಕವನ್ನು ಇಳಿಸಿದೊಡನೆ ಹೀಮೋಗ್ಲೋಬಿನ್ನುಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಟ್ಟುತ್ತವೆ. ದುಂಡಗಿರಬೇಕಾದ ರಕ್ತಕಣವು ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಬೀಳುತ್ತದೆ. ಎರಡು ಪ್ರತಿಗಳಲ್ಲಿಯೂ ಈ ಅಪಪಾಠವುಳ್ಳವರು ಅಸಹ್ಯವಾದ ಎಲುಬುನೋವಿನಿಂದ ಮತ್ತೆ ಮತ್ತೆ ನರಳುತ್ತಾರೆ. ಬಾಗಿದ ಕಣಗಳನ್ನು 1910ರಲ್ಲಿ ಚಿಕಾಗೊ ನಗರದ ವೈದ್ಯ ಹೆರಿಕ್ ವರ್ಣಿಸಿದನು. ದೋಷವು ಹೀಮೋಗ್ಲೋಬಿನ್ನಿನ ಅಣುವಿನಲ್ಲಿಯೇ ಇದೆಯೆಂದು 1949ರಲ್ಲಿ ಪೌಲಿಂಗ್ ಮತ್ತು ಆತನ ಸಂಗಡಿಗರು ತೋರಿಸಿದರು.

ತಪ್ಪು ಇರುವ ಸ್ಥಳವು ತಿಳಿದ ಮೇಲೆಯೂ ಅಲ್ಲಿಗೆ ಕೈ ಮುಟ್ಟಿಸುವ ಸುಲಭೋಪಾಯವು ಬಹುಕಾಲ ದೊರೆಯಲಿಲ್ಲ. ಅದು ದೊರೆತದ್ದು ಬ್ಯಾಕ್ಟೀರಿಯಗಳಿಂದ. 1987ರಲ್ಲಿ ಜಪಾನಿನ ಇಷಿನೊ ಮೊದಲಾದವರು ಬ್ಯಾಕ್ಟೀರಿಯವೊಂದರ ಡಿ.ಎನ್.ಎ.ಯಲ್ಲಿ ಪುನಃ ಪುನಃ ಬರುವ ಪಂಕ್ತಿಗಳನ್ನು ಕಂಡರು. ಅವುಗಳ ಪ್ರಯೋಜನವು ಆಗ ತಿಳಿಯಲಿಲ್ಲ. ಹಿಂದೆ ಮುತ್ತಿದ್ದ ವೈರಸ್ಸುಗಳ ಅಕ್ಷರಗಳನ್ನು ಆ ಪಂಕ್ತಿಗಳ ನಡುವೆ ಬರೆದಿಟ್ಟುಕೊಂಡು, ಅದೇ ಶತ್ರು ಮರಳಿ ಬಂದಾಗ ಬ್ಯಾಕ್ಟೀರಿಯವು ಅದನ್ನು ಎದುರಿಸುತ್ತದೆಂಬುದು 2007ರಲ್ಲಿ, ಮೊಸರಿನ ಉದ್ಯಮದಲ್ಲಿ ಬಳಸುವ ಬ್ಯಾಕ್ಟೀರಿಯದ ಮೇಲೆ ನಡೆಸಿದ ಪ್ರಯೋಗದಿಂದ ಸಿದ್ಧವಾಯಿತು. ಮೊಸರು ಕೆಡದಿರಲೆಂದು ಮಾಡಿದ ಶೋಧನೆಯು ಎಲ್ಲಿಗೆ ಬಂದು ಮುಟ್ಟಿತೆಂಬುದು ಗಮನಾರ್ಹವೇ ಸರಿ. ಈ ಸಾಧನವನ್ನು ಬೇಕಾದ ಸ್ಥಳಕ್ಕೆ ತಿರುಗಿಸಬಹುದೆಂದು 2012ರಲ್ಲಿ ತೋರಿಸಿದ ಡೌಡ್ನಾ ಮತ್ತು ಷಾರ್ಪಾಂತ್ಯೆ ಎಂಬ ವಿದುಷಿಯರಿಗೆ 2020ರ ನೊಬೆಲ್ ಬಹುಮಾನವು ಸಂದಿತು. ವ್ಯಾಖ್ಯಾನಕಾರನು ಶ್ಲೋಕದ ಮೊದಲ ಪದಗಳನ್ನು ಪ್ರತೀಕವಾಗಿ ಹಿಡಿದು ಮೂಲದ ಸ್ಥಳವನ್ನು ತೋರಿಸುವಂತೆ, ಸುಮಾರು 20 ಅಕ್ಷರಗಳ ಆರ್.ಎನ್.ಎ. ತುಣುಕು ಸ್ಥಳವನ್ನು ತೋರಿಸುತ್ತದೆ. ಕ್ಯಾಸ್9 ಎಂಬ ಪ್ರೋಟೀನು ಅಲ್ಲಿ ಕತ್ತರಿಸುತ್ತದೆ. ಪ್ರತೀಕವನ್ನು ಹೋಲುವ ಅಕ್ಷರಗಳು ಬೇರೆಡೆಯಲ್ಲಿದ್ದರೆ ಅಲ್ಲಿಯೂ ಕತ್ತರಿ ಬೀಳಬಹುದೆಂಬುದು ಈ ವಿದ್ಯೆಯ ಮುಖ್ಯವಾದ ಭಯಸ್ಥಾನ.

ಇಷ್ಟನ್ನು ಓದಿದವರು, ವೈದ್ಯರು ಜಿಟಿಜಿಯನ್ನು ಜಿಎಜಿ ಎಂದು ತಿದ್ದಿದರೆಂದು ಊಹಿಸುವುದು ಸಹಜ. ವಸ್ತುಸ್ಥಿತಿಯು ಹಾಗಿಲ್ಲ. ಅನುಮತಿ ಪಡೆದ ಈ ಚಿಕಿತ್ಸೆಯು ಅಪಪಾಠವನ್ನು ಮುಟ್ಟುವುದೇ ಇಲ್ಲ. ಗರ್ಭಸ್ಥ ಶಿಶುವಿನಲ್ಲಿ ಬೀಟಾ ಸರಪಣಿಗೆ ಬದಲಾಗಿ ಗಾಮಾ ಎಂಬ ಬೇರೊಂದು ಸರಪಣಿಯಿಂದ ಹೀಮೋಗ್ಲೋಬಿನ್ ಆಗುತ್ತದೆ; ಹುಟ್ಟಿದ ಕೆಲವು ತಿಂಗಳುಗಳಲ್ಲಿ ಅದು ಹಿಂಜರಿದು ಬೀಟಾ ತಲೆಯೆತ್ತುತ್ತದೆ. ಈ ರೋಗವುಳ್ಳ ಎಳೆಯ ಶಿಶುಗಳು ಮೊದಮೊದಲು ನೆಮ್ಮದಿಯಾಗಿರುವುದಕ್ಕೆ ಗರ್ಭದ ಹೀಮೋಗ್ಲೋಬಿನ್ನೇ ಕಾರಣವೆಂದು 1948ರಲ್ಲಿಯೇ ಜ್ಯಾನೆಟ್ ವಾಟ್ಸನ್ ಎಂಬ ವೈದ್ಯೆ ಸೂಚಿಸಿದ್ದಳು. ಗಾಮಾವನ್ನು ಅಡಗಿಸುವುದು ಬಿಸಿಎಲ್11ಎ ಎಂಬ ಜೀನಿನ ಕಾರ್ಯವೆಂದು 2008ರ ಸುಮಾರಿಗೆ ತಿಳಿದುಬಂತು. ಆ ಜೀನಿನಲ್ಲಿ ಕೆಂಪು ರಕ್ತಕಣಗಳ ಪೀಳಿಗೆಯಲ್ಲಿ ಮಾತ್ರ ಅದನ್ನು ಪ್ರಚೋದಿಸುವ ಒಂದು ಪಂಕ್ತಿಯುಂಟು. ಅದನ್ನೇ ಕ್ಯಾಸ್9 ಕೆಡಿಸುತ್ತದೆ. ನಿಷೇಧವು ಸಡಿಲಿದೊಡನೆ ಶೈಶವದ ಪಾಠವು ಮತ್ತೆ ಉಚ್ಚರಿತವಾಗುತ್ತದೆ. ಕೆಟ್ಟ ಅಕ್ಷರವು ಇದ್ದಲ್ಲಿಯೇ ಇದ್ದು ನಿರ್ವೀರ್ಯವಾಗುತ್ತದೆ. ತಿದ್ದುವುದಕ್ಕಿಂತ ಇದು ಜಾಣತನದ ಕೆಲಸವೆಂದೇ ಹೇಳಬೇಕು.

ಫಲವೂ ಸಾಮಾನ್ಯವಲ್ಲ. ಸಾಕಷ್ಟು ಕಾಲ ಪರೀಕ್ಷಿಸಲ್ಪಟ್ಟ 31 ರೋಗಿಗಳಲ್ಲಿ 29 ಮಂದಿಗೆ ಎಡೆಬಿಡದೆ ಒಂದು ವರ್ಷವಾದರೂ ತೀವ್ರವಾದ ನೋವು ಮರುಕಳಿಸಲಿಲ್ಲ. 2025ರಲ್ಲಿ ಫಿಲಡೆಲ್ಫಿಯ ನಗರದ ವೈದ್ಯರು ಇನ್ನೂ ಮುಂದೆ ಹೋಗಿ, ಯಕೃತ್ತಿನ ಬೇರೊಂದು ಅಪೂರ್ವ ರೋಗದ ಶಿಶುವಿಗೆ, ಅದರ ಒಂದಕ್ಷರದ ದೋಷವನ್ನು ದೇಹದೊಳಗೇ ತಿದ್ದುವ ಔಷಧವನ್ನು ಆ ಒಂದು ಮಗುವಿಗೋಸ್ಕರವೇ ರಚಿಸಿ ಕೊಟ್ಟರು.

ಇವೆಲ್ಲವೂ ಒಂದು ಪ್ರತಿಯಲ್ಲಿ ಮಾಡಿದ ತಿದ್ದುಪಡಿಗಳು. ಆ ರೋಗಿಯೊಡನೆ ಮುಗಿಯತಕ್ಕವು. ಭ್ರೂಣವನ್ನು ತಿದ್ದುವುದಾದರೋ ಮೂಲಮಾತೃಕೆಯನ್ನು ತಿದ್ದಿದಂತೆ. ಅದರಿಂದ ಇಳಿದ ಪ್ರತಿಗಳೆಲ್ಲವೂ ಆ ಕೈಬರಹವನ್ನು ಹೊರಬೇಕಾಗುತ್ತದೆ. 2018ರ ನವೆಂಬರಿನಲ್ಲಿ ಚೀನದ ವಿಜ್ಞಾನಿ ಹೆ ಜಿಯಾನ್‌ಕ್ವಿಯು ಹೀಗೆ ತಿದ್ದಿದ ಭ್ರೂಣಗಳಿಂದ ಅವಳಿ ಹೆಣ್ಣುಮಕ್ಕಳು ಹುಟ್ಟಿರುವರೆಂದು ಸಾರಿ, ಮರುವರ್ಷ ಮೂರು ವರ್ಷಗಳ ಸೆರೆವಾಸಕ್ಕೆ ಗುರಿಯಾದನು. ಶಿಕ್ಷೆಯು ಯುಕ್ತವೇ. ಅಪಪಾಠವೆಂದು ಹೊಡೆದುಹಾಕುವ ಮುನ್ನ ಅದು ಹೇಗೆ ಉಳಿದುಬಂತೆಂದು ಕೇಳುವುದು ಶೋಧಕನ ಧರ್ಮ. ಕುಡುಗೋಲಿನ ಅಕ್ಷರವು ಒಂದೇ ಪ್ರತಿಯಲ್ಲಿದ್ದವರಿಗೆ ಮಲೇರಿಯದಿಂದ ರಕ್ಷಣೆಯುಂಟೆಂದು 1954ರಲ್ಲಿ ಆಲಿಸನ್ ತೋರಿಸಿದನು. ಚಳಿಜ್ವರದ ಸೀಮೆಗಳಲ್ಲಿ ಅದು ಸಾವಿರಾರು ವರ್ಷ ನಿಂತದ್ದು ಲಿಪಿಕಾರನ ಅಜಾಗ್ರತೆಯಿಂದಲ್ಲ.

ಭಾರತದಲ್ಲಿ ಈ ರೋಗವು ಮೊದಲು ಗುರುತಿಸಲ್ಪಟ್ಟದ್ದು 1952ರಲ್ಲಿ, ಕನ್ನಡನಾಡಿನ ನೆರೆಯ ನೀಲಗಿರಿಯ ಗಿರಿಜನರಲ್ಲಿ. ಅಮೆರಿಕದಲ್ಲಿ ಹೊಸ ಚಿಕಿತ್ಸೆಗೆ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು. ಅದಲ್ಲದೆ, ರೋಗಿಯ ಮೂಲಕಣಗಳನ್ನು ಹೊರತೆಗೆದು ಮಾರ್ಪಡಿಸಿದ ಮೇಲೆ, ಉಗ್ರವಾದ ಔಷಧದಿಂದ ಹಳೆಯ ಅಸ್ಥಿಮಜ್ಜೆಯನ್ನು ಬರಿದುಮಾಡಿ ಅವನ್ನು ಮರಳಿ ಸೇರಿಸಬೇಕು. ಅದಕ್ಕೆ ವಾರಗಟ್ಟಲೆ ದೊಡ್ಡ ಆಸ್ಪತ್ರೆಯ ವಾಸವು ಬೇಕು, ಸಂತಾನಶಕ್ತಿ ಕುಂದುವ ಸಂಭವವೂ ಉಂಟು. ಹಾಡಿಯ ಕೂಲಿಕಾರನಿಗೆ ಇದು ಎಟುಕುವ ಮಾತಲ್ಲ. ಭಾರತ ಸರ್ಕಾರವು 2023ರ ಜುಲೈಯಲ್ಲಿ ಆರಂಭಿಸಿದ ಕಾರ್ಯಕ್ರಮವು ಬೇರೆ ದಾರಿಯದು: 7 ಕೋಟಿ ಜನರ ರಕ್ತಪರೀಕ್ಷೆ, ದೋಷವನ್ನು ಹೊತ್ತವರಿಗೆ ವಿವಾಹಕ್ಕೆ ಮುಂಚೆ ತಿಳಿವಳಿಕೆ, ರೋಗಿಗಳಿಗೆ ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಔಷಧ. ಈ ಔಷಧವೂ ಮುಖ್ಯವಾಗಿ ಗರ್ಭದ ಹೀಮೋಗ್ಲೋಬಿನ್ನನ್ನು ಹೆಚ್ಚಿಸಿಯೇ ಗುಣ ಕೊಡುತ್ತದೆ. ಕತ್ತರಿಯು ಒಮ್ಮೆಗೇ ಮಾಡುವುದನ್ನು ಇದು, ದಿನದಿನವೂ ಸೇವಿಸಿದರೆ, ಸ್ವಲ್ಪಮಟ್ಟಿಗೆ ಮಾಡುತ್ತದೆ.